ಗುಂಡಿಯ ತಳದಲ್ಲೊಬ್ಬ ಕಾರ್ನ್‌ವಾಲಿನವ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಹುಟ್ಟಿದ್ದು, ಬೆಳೆದದ್ದು, ದುಡಿದದ್ದು ಎಲ್ಲ ಕೆಜಿಎಫ್‌ನಲ್ಲಿ. ಅವರ ತಾತ ಗಣಿಗೆ ಇಳಿದವರು, ಅಪ್ಪ ಇಳಿದವರು, ಇವರೂ ಇಳಿದವರು. ಮಗ ಮಾತ್ರ ನೆಲದ ಮೇಲೆಯೇ ಉಳಿದ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕ ಮೇಲೆ ಅಪ್ಪನನ್ನೂ ಬೆಂಗಳೂರಿಗೆ ಕರಕೊಂಡು ಬಂದ. ಒಂದು ಸಂಜೆ ಟೀ ಕುಡೀತಾ ಮಾತಾಡುವಾಗ ಆ ಹಿರಿಯರು ಒಂದು ಮಾತು ಹೇಳಿದರು: "ನಮ್ಮ ತಾತನ ಕ್ಯಾಪ್ಟನ್ ಇಂಗ್ಲಿಷ್‌ನವನಲ್ಲ ಸಾರ್, ಕಾರ್ನಿಶ್‌ನವನು."

"ಎರಡಕ್ಕೂ ಏನು ವ್ಯತ್ಯಾಸ?" ಅಂದೆ.

"ಅದು ನನಗೂ ಗೊತ್ತಿಲ್ಲ. ಆದ್ರೆ ಇಂಗ್ಲಿಷ್‌ನವನು ಅಂದ್ರೆ ಅವನಿಗೆ ಸಿಟ್ಟು ಬರ್ತಿತ್ತಂತೆ."

ಈ ಒಂದು ಮಾತಿನ ಬೆನ್ನು ಹತ್ತಿ ಹೋದವನು ನಾನು. ಹೋದದ್ದು ಇಂಗ್ಲೆಂಡಿನ ಒಂದು ಕೌಂಟಿಗೆ. ವಿಮಾನದಲ್ಲಲ್ಲ ಬಿಡಿ, ಪುಸ್ತಕಗಳಲ್ಲಿ ಮತ್ತು ಜನಗಣತಿಯ ಕೋಷ್ಟಕಗಳಲ್ಲಿ. ಕೋಷ್ಟಕ ಅಂದ ಕೂಡಲೇ ಪುಟ ತಿರುಗಿಸಬೇಡಿ. ಆ ಅಂಕಿಗಳ ಒಳಗೆ ಕೋಲಾರವೂ ಇದೆ, ನಮ್ಮ ಬೀದಿಯ ಹಿರಿಯರೂ ಇದ್ದಾರೆ.

ಇಂಗ್ಲೆಂಡಿನ ಭೂಪಟದಲ್ಲಿ ನೈಋತ್ಯದ ತುದಿ ನೋಡಿ. ಅಟ್ಲಾಂಟಿಕ್ ಸಾಗರಕ್ಕೆ ಕಾಲು ಚಾಚಿ ಕೂತ ಹಾಗೆ ಒಂದು ನೆಲದ ತುಂಡಿದೆ. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಟೇಮರ್ ನದಿ. ಅದೇ ಕಾರ್ನ್‌ವಾಲ್. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ವಿಸ್ತೀರ್ಣದಲ್ಲಿ ಇವತ್ತಿನ ಕೋಲಾರ ಜಿಲ್ಲೆಗಿಂತ ತುಸು ಚಿಕ್ಕದು. ಅಲ್ಲಿಯ ಜನಕ್ಕೆ ಇಂಗ್ಲಿಷಿಗಿಂತ ಬೇರೆಯಾದ, ವೆಲ್ಶ್ ಭಾಷೆಗೆ ಹತ್ತಿರದ ತಮ್ಮದೇ ನುಡಿಯೊಂದಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ದಿನಬಳಕೆಯಿಂದ ಅದು ಮರೆಯಾಯಿತು. ನುಡಿ ಹೋದರೂ ನಾವು ಬೇರೆ ಅನ್ನುವ ಹಮ್ಮು ಹೋಗಲಿಲ್ಲ. ಹಿರಿಯರ ತಾತನ ಕ್ಯಾಪ್ಟನ್ನಿಗೆ ಸಿಟ್ಟು ಬರುತ್ತಿದ್ದುದು ಇದಕ್ಕೇ.

ಈ ನೆಲದ ಕೆಳಗೆ ತವರ ಇತ್ತು, ತಾಮ್ರ ಇತ್ತು. ತವರ ತೆಗೆಯುವ ಕೆಲಸ ಅಲ್ಲಿ ಸಾವಿರಾರು ವರ್ಷಗಳದ್ದು. ಆದರೆ ಜಿಲ್ಲೆಯ ದೆಸೆ ತಿರುಗಿಸಿದ್ದು ತಾಮ್ರ. ಹದಿನೆಂಟನೆಯ ಶತಮಾನದಲ್ಲಿ ಗಣಿಗಳು ಆಳಕ್ಕೆ ಹೋದ ಹಾಗೆ ನೀರು ತುಂಬುತ್ತಿತ್ತು. ನೀರೆತ್ತಲು ಉಗಿಯಂತ್ರ ಬೇಕಾಯಿತು, ಯಂತ್ರವನ್ನು ತಿದ್ದಲು ತಲೆ ಇರುವವರು ಬೇಕಾದರು. ರಿಚರ್ಡ್ ಟ್ರೆವಿಥಿಕ್ ಹುಟ್ಟಿದ್ದು ಇಂಥಾ ಗಣಿಗಳ ನಡುವೆ, 1771ರಲ್ಲಿ. 1801ರ ಕ್ರಿಸ್‌ಮಸ್ ಹಿಂದಿನ ಸಂಜೆ ಕ್ಯಾಂಬೋರ್ನ್ ಊರಿನ ದಿಣ್ಣೆಯ ಮೇಲೆ, ತನ್ನ ಉಗಿಬಂಡಿಯಲ್ಲಿ ಜನರನ್ನು ಕೂರಿಸಿಕೊಂಡು ಓಡಿಸಿದವನು ಅವನು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ತಾಮ್ರದ ದೊಡ್ಡ ಪಾಲು ಬರುತ್ತಿದ್ದುದು ಕಾರ್ನ್‌ವಾಲ್ ಮತ್ತು ಪಕ್ಕದ ಪಶ್ಚಿಮ ಡೆವನ್‌ನಿಂದ.

ಬ್ರಿಟನ್ನಿನ ಮೊದಲ ಜನಗಣತಿ ನಡೆದದ್ದೂ 1801ರಲ್ಲೇ. ಆಗ ಕಾರ್ನ್‌ವಾಲಿನ ಜನಸಂಖ್ಯೆ ಸುಮಾರು 1.92 ಲಕ್ಷ. 1861ರ ಹೊತ್ತಿಗೆ 3.69 ಲಕ್ಷ. ಅರವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಗಣಿಗಳಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಜನ ದುಡಿಯುತ್ತಿದ್ದರು. ಗಂಡಸರು ಕೆಳಗೆ, ಹೆಂಗಸರು, ಹುಡುಗಿಯರು ಮೇಲೆ. ಸುತ್ತಿಗೆ ಹಿಡಿದು ಅದಿರು ಒಡೆಯುವ ಈ ಹೆಂಗಸರಿಗೆ ಅಲ್ಲಿಯವರು ಬಾಲ್ ಮೇಡನ್ ಅನ್ನುತ್ತಿದ್ದರು. ಬಾಲ್ ಅಂದರೆ ಕಾರ್ನಿಶ್ ನುಡಿಯಲ್ಲಿ ಗಣಿ.

ಅಲ್ಲಿಯ ಕೂಲಿಯ ಪದ್ಧತಿ ಸ್ವಾರಸ್ಯದ್ದು, ಮುಂದಿನ ಕತೆಗೂ ಬೇಕಾದದ್ದು. ಗಣಿಯೊಳಗಿನ ಒಂದೊಂದು ಜಾಗವನ್ನು ಹರಾಜು ಹಾಕುತ್ತಿದ್ದರು. ನಾಲ್ಕಾರು ಜನ ಗುಂಪು ಕಟ್ಟಿಕೊಂಡು, "ಇಲ್ಲಿ ಸಿಗುವ ಅದಿರಿನ ಬೆಲೆಯಲ್ಲಿ ಪೌಂಡಿಗೆ ಇಷ್ಟು ಶಿಲ್ಲಿಂಗ್ ಕೊಟ್ಟರೆ ಸಾಕು" ಅಂತ ಕೂಗುತ್ತಿದ್ದರು. ಕಡಿಮೆಗೆ ಕೂಗಿದವರಿಗೆ ಜಾಗ. ಅದಿರು ಚೆನ್ನಾಗಿ ಸಿಕ್ಕರೆ ಆ ತಿಂಗಳು ಹಬ್ಬ, ಬಂಡೆ ಬರಡಾಗಿದ್ದರೆ ಉಪವಾಸ. ನಮ್ಮಲ್ಲಿ ಕೋರು ಪಾಲಿಗೆ ಗದ್ದೆ ಮಾಡುತ್ತಿದ್ದವರಿಗೆ ಈ ಲೆಕ್ಕ ಬೇಗ ಅರ್ಥವಾದೀತು. ಬಂಡೆಯ ಬಣ್ಣ ನೋಡಿ ಒಳಗಿನ ಲೋಹ ಅಂದಾಜು ಮಾಡುವುದನ್ನು ಈ ಪದ್ಧತಿ ಅವರಿಗೆ ಕಲಿಸಿತು. ಮುಂದೆ ಪರದೇಶಗಳಲ್ಲಿ ಅವರಿಗೆ ಸಂಬಳ ತಂದುಕೊಟ್ಟದ್ದು ಈ ಕಣ್ಣು.

ಅಂದರೆ ಒಂದು ಜಿಲ್ಲೆ, ಒಂದು ಕಸುಬು. ಮೀನುಗಾರಿಕೆ, ಬೇಸಾಯ ಇದ್ದವು, ಬಿಳಿ ಪಿಂಗಾಣಿ ಮಣ್ಣು ಇತ್ತು. ಆದರೆ ಕಂಬಳಿಯ ನೂಲು ಮಾತ್ರ ಗಣಿ. ಆ ನೂಲು ಎಳೆದದ್ದು 1866ರಲ್ಲಿ.

ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಅನ್ನುವ ದೊಡ್ಡ ಹಣಕಾಸು ಸಂಸ್ಥೆ ಮುಳುಗಿತು. ಸಾಲದ ಬಡ್ಡಿ ಏರಿತು, ಗಣಿಗಳಿಗೆ ಬಂಡವಾಳ ಬತ್ತಿತು. ಅದೇ ಹೊತ್ತಿಗೆ ಚಿಲಿ, ಅಮೆರಿಕದ ಸುಪೀರಿಯರ್ ಸರೋವರದ ದಂಡೆ, ದಕ್ಷಿಣ ಆಸ್ಟ್ರೇಲಿಯಾ ಇಲ್ಲೆಲ್ಲ ಅಗ್ಗದ ತಾಮ್ರ ಸಿಗುತ್ತಿತ್ತು. ಬೆಲೆ ಬಿತ್ತು. ಗಣಿಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ತಾಮ್ರ ಹೋದರೆ ತವರ ಇದೆಯಲ್ಲ ಅಂತ ಹಲವರು ಅದಕ್ಕೆ ಜೋತುಬಿದ್ದರು. 1870ರ ದಶಕದಲ್ಲಿ ಆಸ್ಟ್ರೇಲಿಯಾ ಮತ್ತು ಮಲಯದ ತವರ ಬಂದು ಅದರ ಬೆಲೆಯನ್ನೂ ಇಳಿಸಿತು.

ಈಗ ಜನಗಣತಿ ನೋಡಿ. 1861ರಲ್ಲಿ 3.69 ಲಕ್ಷ. 1871ರಲ್ಲಿ 3.62 ಲಕ್ಷ. 1881ರಲ್ಲಿ 3.31 ಲಕ್ಷ. 1901ರಲ್ಲಿ 3.22 ಲಕ್ಷ.

ನಲವತ್ತು ವರ್ಷದಲ್ಲಿ ಕಡಿಮೆಯಾದದ್ದು ನಲವತ್ತೇಳು ಸಾವಿರ. ಇಷ್ಟೇನಾ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಆ ನಲವತ್ತು ವರ್ಷ ಅಲ್ಲಿ ಮಕ್ಕಳು ಹುಟ್ಟುವುದೇನೂ ನಿಂತಿರಲಿಲ್ಲವಲ್ಲ. ಇದೇ ಅವಧಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಒಟ್ಟಾಗಿ ಎರಡು ಕೋಟಿಯಿಂದ ಮೂರೂಕಾಲು ಕೋಟಿಗೆ ಬೆಳೆದವು. ಅದೇ ಲೆಕ್ಕದಲ್ಲಿ ಬೆಳೆದಿದ್ದರೆ 1901ರಲ್ಲಿ ಕಾರ್ನ್‌ವಾಲಿನಲ್ಲಿ ಸುಮಾರು ಆರು ಲಕ್ಷ ಜನ ಇರಬೇಕಿತ್ತು. ಇದ್ದವರು ಮೂರೂಕಾಲು ಲಕ್ಷಕ್ಕೂ ಕಡಿಮೆ. ಕಾಣೆಯಾದವರು ಎಷ್ಟು ಅನ್ನುವುದನ್ನು ಕೋಷ್ಟಕ ನೇರವಾಗಿ ಹೇಳುವುದಿಲ್ಲ, ನಾವೇ ಕೂಡಿ ಕಳೆಯಬೇಕು. 1841ರಿಂದ 1901ರ ನಡುವೆ ಕೌಂಟಿ ಬಿಟ್ಟವರು ಎರಡೂವರೆ ಲಕ್ಷ ಅಂತ ಇತಿಹಾಸಕಾರರ ಅಂದಾಜು. ಕೆಲವರು ಇಂಗ್ಲೆಂಡಿನ ಬೇರೆ ಕಡೆಯ ಕಲ್ಲಿದ್ದಲು ಗಣಿಗಳಿಗೆ, ಕಾರ್ಖಾನೆಗಳಿಗೆ ಹೋದರು. ಬಹಳ ಜನ ಕಡಲು ದಾಟಿದರು. ಹೋದವರಲ್ಲಿ ಹೆಚ್ಚಿನವರು ಮೀಸೆ ಚಿಗುರಿದ ಹುಡುಗರು.

ನಾನು ಈ ಲೆಕ್ಕಕ್ಕೆ ಇಷ್ಟು ಹೊತ್ತು ಯಾಕೆ ನಿಂತೆ ಅಂದರೆ, ಜನಸಂಖ್ಯೆಯ ಅಂಕಿ ಬಹಳ ಸಭ್ಯವಾಗಿ ಸುಳ್ಳು ಹೇಳುತ್ತದೆ. ಒಂದು ಮನೆಯಲ್ಲಿ ಮೂವರು ಮಕ್ಕಳು ಹುಟ್ಟಿ ಮೂವರು ದೊಡ್ಡವರು ಊರು ಬಿಟ್ಟರೆ, ಲೆಕ್ಕ ಬರೆಯುವವನ ಪುಸ್ತಕದಲ್ಲಿ ಏನೂ ಆಗಿರುವುದಿಲ್ಲ. ಆ ಮನೆಯಲ್ಲಿ ಮಾತ್ರ ಎಲ್ಲವೂ ಆಗಿಹೋಗಿರುತ್ತದೆ.

ಹೋದವರು ಎಲ್ಲಿಗೆ ಹೋದರು? ಭೂಮಿಯ ಮೇಲೆ ಎಲ್ಲಾದರೂ ಒಂದು ಗುಂಡಿ ಕಂಡರೆ ಇಣುಕಿ ನೋಡಿ, ತಳದಲ್ಲೊಬ್ಬ ಕಾರ್ನ್‌ವಾಲಿನವ ಇರುತ್ತಾನೆ ಅನ್ನುವ ಮಾತು ಅಲ್ಲಿ ಬಳಕೆಯಲ್ಲಿದೆ. ಬಡಾಯಿಯಂತೆ ಕಂಡರೂ ಬಹಳ ಸುಳ್ಳಲ್ಲ. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ, ಅಮೆರಿಕದ ಮಿಷಿಗನ್, ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ, ಮೆಕ್ಸಿಕೋದ ಪಚೂಕಾ, ಆಮೇಲೆ ಜೊಹಾನ್ಸ್‌ಬರ್ಗ್. ಪಚೂಕಾದಲ್ಲಿ ಇವತ್ತಿಗೂ ಜನ ಪಾಸ್ತೆ ಅನ್ನುವ ತಿಂಡಿ ತಿನ್ನುತ್ತಾರೆ. ಅದು ಕಾರ್ನ್‌ವಾಲಿನ ಗಣಿಯವರು ಬುತ್ತಿಗೆ ಕಟ್ಟಿಕೊಂಡು ಹೋಗುತ್ತಿದ್ದ ಪಾಸ್ಟಿ. ನಮ್ಮ ಕಡುಬಿನ ಆಕಾರ, ಒಳಗೆ ಮಾಂಸ ಮತ್ತು ಆಲೂಗಡ್ಡೆ. ಮೆಕ್ಸಿಕೋದಲ್ಲಿ ಅದಕ್ಕೆ ಮೆಣಸಿನಕಾಯಿ ಸೇರಿತು, ಅಷ್ಟೇ.

ಇವರಿಗೆಲ್ಲ ಹೊರದೇಶದಲ್ಲಿ ಬಿದ್ದ ಅಡ್ಡಹೆಸರು ಕಸಿನ್ ಜ್ಯಾಕ್. ಅದಕ್ಕೊಂದು ಕತೆ ಹೇಳುತ್ತಾರೆ. ಗಣಿಯಲ್ಲಿ ಇನ್ನೊಬ್ಬ ಆಳು ಬೇಕು ಅಂತ ಮಾಲೀಕ ಅಂದ ಕೂಡಲೇ ಅಲ್ಲಿದ್ದವನು, "ಊರಲ್ಲಿ ನಮ್ಮ ಕಸಿನ್ ಜ್ಯಾಕ್ ಇದಾನೆ ಸ್ವಾಮಿ, ಬರಮಾಡಿಕೊಳ್ಳಲಾ?" ಅನ್ನುತ್ತಿದ್ದನಂತೆ. ಓದಿ ನಕ್ಕೆ. ಮುಂಬೈಯ ಹೋಟೆಲುಗಳಿಗೆ ನಮ್ಮ ಕರಾವಳಿಯ ಹುಡುಗರು ಹೋದದ್ದು ಬೇರೆ ಹೇಗೆ? "ನಮ್ಮ ಕಡೆಯ ಹುಡುಗ ಒಬ್ಬ ಇದಾನೆ" ಅನ್ನುವ ಒಂದು ವಾಕ್ಯದಿಂದ ಎಷ್ಟು ಮನೆಗಳು ನಿಂತಿವೆ, ಎಷ್ಟು ಊರುಗಳು ಖಾಲಿಯಾಗಿವೆ!

ಊರಲ್ಲಿ ಉಳಿದವರು ಹೆಂಡತಿಯರು, ಮಕ್ಕಳು, ಮುದುಕರು. ಹೊರದೇಶದಿಂದ ಬರುವ ಹಣದ ಮೇಲೆ ಅಂಗಡಿ, ಚಾಪೆಲ್, ಬಾಡಿಗೆ ಎಲ್ಲ ನಡೆಯುತ್ತಿತ್ತು. 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಶುರುವಾದಾಗ ಜೊಹಾನ್ಸ್‌ಬರ್ಗಿನ ಚಿನ್ನದ ಗಣಿಗಳು ನಿಂತವು, ಹಣ ಬರುವುದೂ ನಿಂತಿತು. ಆರು ಸಾವಿರ ಮೈಲಿ ದೂರದಲ್ಲಿ ತೋಪು ಹಾರಿದರೆ ರೆಡ್‌ರುತ್ ಪೇಟೆಯಲ್ಲಿ ಬ್ರೆಡ್ಡಿಗೆ ಉದ್ರಿ ಹೇಳಬೇಕಾಯಿತು. ವಾಪಸು ಬಂದ ಹಲವರ ಶ್ವಾಸಕೋಶದಲ್ಲಿ ಬಂಡೆಯ ಧೂಳು ತುಂಬಿತ್ತು. ಯಂತ್ರದ ಡ್ರಿಲ್ ಹಿಡಿದವರು ನಡುವಯಸ್ಸು ಮುಟ್ಟುವ ಮೊದಲೇ ಸಾಯುತ್ತಿದ್ದರು. ಇದರ ಬಗ್ಗೆ ಸರ್ಕಾರ ತನಿಖೆ ನಡೆಸಿ 1904ರಲ್ಲಿ ವರದಿ ಕೊಟ್ಟಿತು. ಅಂದರೆ ಕೌಂಟಿಗೆ ಹೊರಗಿನಿಂದ ಹಣದ ಜೊತೆ ಕೆಮ್ಮೂ ಬರುತ್ತಿತ್ತು.

ಈ ಎರಡೂವರೆ ಲಕ್ಷದೊಳಗೆ ಒಂದು ಸಣ್ಣ ಎಳೆ ಬಂದು ಸೇರಿದ್ದು ನಮ್ಮ ಕೋಲಾರದ ಗುಂಡಿಗೆ.

ಕೋಲಾರದಲ್ಲಿ ಹಳೆಯ ಕಾಲದಿಂದ ಚಿನ್ನ ತೆಗೆಯುತ್ತಿದ್ದುದು ಎಲ್ಲರಿಗೂ ಗೊತ್ತಿದ್ದದ್ದೇ. 1802ರಲ್ಲಿ ಜಾನ್ ವಾರೆನ್ ಅನ್ನುವ ಅಧಿಕಾರಿ ಅದನ್ನು ಬರೆದಿಟ್ಟ. 1870ರ ದಶಕದಲ್ಲಿ ಮೈಕೆಲ್ ಲವೆಲ್ ಅನ್ನುವ ಐರಿಷ್ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ. ಅವನ ಕೈಯಲ್ಲಿ ದುಡ್ಡಿರಲಿಲ್ಲ, ಹಕ್ಕು ಕೈ ಬದಲಾಯಿತು. 1880ರಲ್ಲಿ ಬಂತು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಈ ಮನೆತನದ ಮೂಲಪುರುಷ ಜಾನ್ ಟೇಲರ್ ಹೆಸರು ಮಾಡಿದ್ದೇ ಕಾರ್ನ್‌ವಾಲಿನ ತಾಮ್ರದ ಗಣಿಗಳನ್ನು ನಡೆಸಿ. ಹಾಗಾಗಿ ಕಂಪನಿಗೆ ಕೋಲಾರದಲ್ಲಿ ಗಣಿ ಬಲ್ಲವರು ಬೇಕಾದಾಗ ಎಲ್ಲಿಂದ ಕರೆತರಬೇಕು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಅಲ್ಲಿ ಮನೆಮನೆಯಲ್ಲೂ ಕೆಲಸ ಕಳಕೊಂಡ ಗಣಿಗಾರರಿದ್ದರು.

ಮೊದಲ ಕೆಲವು ವರ್ಷ ಚಿನ್ನ ಸಿಗಲಿಲ್ಲ. ಹೂಡಿದ ಹಣ ಕರಗಿ ಕಂಪನಿ ಮುಚ್ಚುವ ಮಾತು ಬಂದಿತ್ತು. ಹಳೆಯವರು ತೋಡಿ ಬಿಟ್ಟ ಗುಂಡಿಗಳ ಕೆಳಗೇ ಇನ್ನಷ್ಟು ಅಗೆದು ಕ್ಯಾಪ್ಟನ್ ಪ್ಲಮ್ಮರ್ ಚಾಂಪಿಯನ್ ರೀಫಿನ ಜಾಡು ಹಿಡಿದದ್ದು ಆ ಹೊತ್ತಿಗೆ. ಕ್ಯಾಪ್ಟನ್ ಅಂದರೆ ಮಿಲಿಟರಿಯವನಲ್ಲ. ಕಾರ್ನ್‌ವಾಲಿನಲ್ಲಿ ಗಣಿ ಮೇಲ್ವಿಚಾರಕನನ್ನು ಕರೆಯುತ್ತಿದ್ದುದು ಹಾಗೆ. ನಮ್ಮ ಬೀದಿಯ ಹಿರಿಯರ ಬಾಯಲ್ಲಿ ಇವತ್ತಿಗೂ ಉಳಿದಿರುವುದು ಆ ಪದ.

ಆಮೇಲಿನದು ಕೋಲಾರದ ಜನಸಂಖ್ಯೆಯ ಕತೆ. 1891ರಲ್ಲಿ ಏಳು ಸಾವಿರದಷ್ಟಿದ್ದ ಚಿನ್ನದ ಗಣಿಯ ಊರು 1901ರಲ್ಲಿ ಮೂವತ್ತೆಂಟು ಸಾವಿರಕ್ಕೆ ಮುಟ್ಟಿತು. ಉತ್ತರ ಆರ್ಕಾಟಿನಿಂದ, ಚಿತ್ತೂರಿನ ಕಡೆಯಿಂದ, ಕೋಲಾರದ ಸುತ್ತಲ ಹಳ್ಳಿಗಳಿಂದ ಜನ ಬಂದರು. ಬಹುಪಾಲು ತಮಿಳು ಮಾತಾಡುವ ದಲಿತರು, ಊರಲ್ಲಿ ನೆಲವೂ ಇಲ್ಲದ, ಮಾನವೂ ಸಿಗದ ಜನ. 1902ರಲ್ಲಿ ಶಿವನಸಮುದ್ರದಿಂದ ಸುಮಾರು ನೂರೈವತ್ತು ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಬೆಳಕಾದದ್ದು ಗಣಿ.

ಒಂದು ವಿಚಿತ್ರ ನೋಡಿ. ಒಂದೇ ತಲೆಮಾರಿನ ಹಿಂದೆ ಕಾರ್ನ್‌ವಾಲಿನಲ್ಲಿ ಪೌಂಡಿಗೆ ಇಷ್ಟು ಶಿಲ್ಲಿಂಗ್ ಅಂತ ಹರಾಜು ಕೂಗಿ, ಬಂಡೆ ಬರಡಾದರೆ ಉಪವಾಸ ಬೀಳುತ್ತಿದ್ದವರ ಮಗ ಕೋಲಾರಕ್ಕೆ ಬಂದ ಕೂಡಲೇ ದೊರೆಯಾದ. ಅವನಿಗೆ ಹೂದೋಟದ ಬಂಗಲೆ, ಕ್ಲಬ್ಬು, ಅಡುಗೆಯವನು. ಅವನ ಕೈಕೆಳಗೆ ಇಳಿಯುವವನಿಗೆ ತಡಿಕೆ ಗೋಡೆಯ ಲೈನ್ ಮನೆ. ಕೆಳಗೆ ಇಬ್ಬರೂ ಉಸಿರಾಡಿದ್ದು ಒಂದೇ ಧೂಳು. ಮೇಲೆ ಬಂದ ಮೇಲೆ ಇಬ್ಬರೂ ಹೋಗುತ್ತಿದ್ದುದು ಬೇರೆಬೇರೆ ಲೋಕಕ್ಕೆ. ಕಾರ್ನ್‌ವಾಲಿನವರನ್ನು ದುಷ್ಟರು ಅಂತ ಬೈಯಲಿಕ್ಕೆ ನಾನಿದನ್ನು ಹೇಳುತ್ತಿಲ್ಲ. ಊರಲ್ಲಿ ಕೆಲಸ ಇಲ್ಲದೆ ಬಂದವರೇ ಇಬ್ಬರೂ. ಆದರೆ ಒಬ್ಬನ ಚರ್ಮ ಮತ್ತು ಪಾಸ್‌ಪೋರ್ಟಿಗೆ ಐದು ಖಂಡಗಳ ಗಣಿಗಳು ತೆರೆದಿದ್ದವು. ಇನ್ನೊಬ್ಬನಿಗೆ ತೆರೆದಿದ್ದದ್ದು ಇದೊಂದೇ ಗುಂಡಿ. ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದು ನೂರು ವರ್ಷದ ಮೇಲೆ, ಗುಂಡಿ ಮುಚ್ಚಿದಾಗ ಗೊತ್ತಾಯಿತು.

ಅದಕ್ಕೆ ಮೊದಲು ಕಾರ್ನ್‌ವಾಲಿಗೆ ಒಮ್ಮೆ ವಾಪಸು ಹೋಗೋಣ. 1901ರಿಂದ ಸುಮಾರು ಅರವತ್ತು ವರ್ಷ ಅಲ್ಲಿಯ ಜನಸಂಖ್ಯೆ ಕದಲಲೇ ಇಲ್ಲ. ಮೂರೂಕಾಲು ಲಕ್ಷದ ಆಸುಪಾಸಿನಲ್ಲೇ ಮೇಲೆ ಕೆಳಗೆ ಆಡಿಕೊಂಡಿತ್ತು. ಸೇಂಟ್ ಆಸ್ಟೆಲ್ ಸುತ್ತ ಪಿಂಗಾಣಿ ಮಣ್ಣಿನ ಕೆಲಸ ಬೆಳೆಯಿತು. 1859ರಲ್ಲೇ ಬ್ರೂನೆಲ್ ಟೇಮರ್ ನದಿಗೆ ರೈಲು ಸೇತುವೆ ಕಟ್ಟಿದ್ದ. ಅದಿರು ಹೊರಡುತ್ತಿದ್ದ ನೆಲಕ್ಕೆ ಈಗ ಅದೇ ಹಳಿಯ ಮೇಲೆ ಪ್ರವಾಸಿಗರು ಬರತೊಡಗಿದರು. ಸಮುದ್ರ, ಬಂಡೆ, ಬೆಸ್ತರ ಬಣ್ಣದ ದೋಣಿ. ಪಾಳುಬಿದ್ದ ಎಂಜಿನ್ ಮನೆಗಳೂ ಅವರ ಕಣ್ಣಿಗೆ ಚೆಂದವೇ.

ಉಳಿದ ನಾಲ್ಕಾರು ತವರದ ಗಣಿಗಳಿಗೆ ಕೊನೆಯ ಪೆಟ್ಟು ಬಿದ್ದದ್ದು 1985ರ ಅಕ್ಟೋಬರಿನಲ್ಲಿ. ತವರದ ಬೆಲೆಯನ್ನು ಎತ್ತಿಹಿಡಿದಿದ್ದ ಅಂತರರಾಷ್ಟ್ರೀಯ ತವರ ಮಂಡಳಿ ದಿವಾಳಿಯೆದ್ದಿತು. ಕೆಲವೇ ತಿಂಗಳಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ. 1990ರಲ್ಲಿ ಗೀವರ್ ಮುಚ್ಚಿತು. 1998ರ ಮಾರ್ಚಿನಲ್ಲಿ ಕೊನೆಯದು, ಸೌತ್ ಕ್ರಾಫ್ಟಿ. ಮೀನೂ ಹೋಯಿತು ತವರವೂ ಹೋಯಿತು, ಇನ್ನು ನಮ್ಮ ಹುಡುಗರು ಏನು ಮಾಡಬೇಕು ಅನ್ನುವ ಅರ್ಥದ ಹಾಡೊಂದರ ಸಾಲನ್ನು ಯಾರೋ ಆ ಗಣಿಯ ಹೊರಗೋಡೆಯ ಮೇಲೆ ಬರೆದಿದ್ದರು.

ಸರಿಯಾಗಿ ಮೂರು ವರ್ಷಕ್ಕೆ, 2001ರ ಫೆಬ್ರವರಿ 28ರಂದು, ಕೆಜಿಎಫ್ ಗಣಿ ಮುಚ್ಚಿತು. ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟು ಜನ ದುಡಿದ ಜಾಗದಲ್ಲಿ ಕೊನೆಗೆ ಉಳಿದವರು ಮೂರು ಸಾವಿರ ಚಿಲ್ಲರೆ. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮುಚ್ಚಿದ ಎರಡೂ ಗಣಿಗಳ ಕಾರಣ ಒಂದೇ: ಅದಿರು ತೆಗೆಯುವ ಖರ್ಚು ಅದಿರಿನ ಬೆಲೆಯನ್ನು ಮೀರಿತ್ತು. ಆದರೆ ಆಮೇಲೆ ಆದದ್ದು ಬೇರೆಬೇರೆ.

ನನಗೆ ಅತಿ ದೊಡ್ಡ ಆಶ್ಚರ್ಯ ಕಾದಿದ್ದದ್ದು ಇಲ್ಲೇ. ಕೆಲಸ ಹೋದ ಕಾರ್ನ್‌ವಾಲಿನಲ್ಲಿ ಜನ ಕಡಿಮೆಯಾಗಿರಬೇಕು ಅಂದುಕೊಂಡಿದ್ದೆ. ಹಾಗಾಗಲಿಲ್ಲ. 1961ರಲ್ಲಿ 3.4 ಲಕ್ಷದಷ್ಟಿದ್ದ ಜನಸಂಖ್ಯೆ 2011ರಲ್ಲಿ 5.32 ಲಕ್ಷ, 2021ರಲ್ಲಿ 5.70 ಲಕ್ಷ. ಗಣಿಗಳು ಉರಿಯುತ್ತಿದ್ದ ಕಾಲಕ್ಕಿಂತ ಹೆಚ್ಚು! ಹೆಚ್ಚಿದ್ದು ಹೊರಗಿನಿಂದ ಬಂದವರಿಂದ. ಲಂಡನ್ ಕಡೆಯಲ್ಲಿ ಮನೆ ಮಾರಿ ಕಡಲ ದಂಡೆಯಲ್ಲಿ ನೆಮ್ಮದಿಯಾಗಿರೋಣ ಅಂತ ಬಂದ ನಿವೃತ್ತರು, ಗದ್ದಲ ಸಾಕಾದವರು. ಇವತ್ತು ಅಲ್ಲಿಯ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಅರವತ್ತೈದು ದಾಟಿದೆ. ಇದಲ್ಲದೆ ರಜೆಗೆ ಮಾತ್ರ ಬೀಗ ತೆಗೆಯುವ ಸಾವಿರಾರು ಮನೆಗಳಿವೆ, ಅವುಗಳ ಮಾಲೀಕರು ಬೇರೆ ಕಡೆಯವರು.

ಜನ ಬಂದರು, ಅವರ ಜೊತೆ ಕೆಲಸ ಬಂತಾ? ಬಂತು, ಒಂದು ರೀತಿಯದು. ಹೋಟೆಲಿನದು, ಅಂಗಡಿಯದು, ವಯಸ್ಸಾದವರನ್ನು ನೋಡಿಕೊಳ್ಳುವುದು. ಬೇಸಿಗೆಯಲ್ಲಿ ಕೈತುಂಬ, ಚಳಿಗಾಲದಲ್ಲಿ ಖಾಲಿ. ಸಂಬಳದಲ್ಲಿ ಬ್ರಿಟನ್ನಿನ ಕೆಳಗಿನ ಸಾಲಿನ ಪ್ರದೇಶಗಳಲ್ಲಿ ಕಾರ್ನ್‌ವಾಲ್ ಒಂದು. ತಲಾ ಉತ್ಪನ್ನ ಯುರೋಪಿಯನ್ ಒಕ್ಕೂಟದ ಸರಾಸರಿಯ ಮುಕ್ಕಾಲಿಗಿಂತ ಕಡಿಮೆ ಅಂತ 2000ದಿಂದ ಅತಿ ಹಿಂದುಳಿದ ಪ್ರದೇಶಗಳ ಅನುದಾನ ಅದಕ್ಕೆ ಸಿಕ್ಕಿತು. ಆ ಕಾಲದಲ್ಲೇ ಪೆನ್ರಿನ್‌ನಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಎದ್ದಿತು, ಹಳೆಯ ಪಿಂಗಾಣಿ ಮಣ್ಣಿನ ಗುಂಡಿಯೊಂದರಲ್ಲಿ ಈಡನ್ ಪ್ರಾಜೆಕ್ಟ್ ಅನ್ನುವ ಗಾಜಿನಂಥ ಗುಮ್ಮಟಗಳ ಸಸ್ಯೋದ್ಯಾನ ಬಂತು. ಹೀಗಿದ್ದೂ 2016ರ ಜನಮತದಲ್ಲಿ ಅಲ್ಲಿಯ ಶೇಕಡಾ 56.5ರಷ್ಟು ಜನ ಒಕ್ಕೂಟ ಬಿಡೋಣ ಅಂತಲೇ ಓಟು ಹಾಕಿದರು. ಹಣ ತಿಂದು ಬೆನ್ನು ತೋರಿಸಿದರು ಅಂತ ಹೊರಗಿನವರು ಬೈದರು. ನನಗೇನೋ ಅಷ್ಟು ಸುಲಭ ಅನ್ನಿಸುವುದಿಲ್ಲ. ಊರು ಚೆಂದವಾಗುತ್ತಾ ಹೋದ ಹಾಗೆ ತಾನು ಅಲ್ಲಿ ಬಾಡಿಗೆಗೂ ಇರಲಾರೆ ಅಂತ ಗೊತ್ತಾದ ಹುಡುಗನಿಗೆ ಗಾಜಿನ ಗುಮ್ಮಟ ತೋರಿಸಿದರೆ ಅವನು ಏನಂತಾನೆ?

ಅದೇ 2016ರ ಮೇ ತಿಂಗಳಲ್ಲಿ ಸೇಂಟ್ ಐವ್ಸ್ ಅನ್ನುವ ಕಡಲೂರಿನವರು ಇನ್ನೊಂದು ಓಟು ಹಾಕಿದರು. ಇನ್ನು ಮುಂದೆ ಕಟ್ಟುವ ಹೊಸ ಮನೆಗಳು ಅಲ್ಲಿಯೇ ಪೂರ್ತಿಕಾಲ ಬಾಳುವವರಿಗೆ ಮಾತ್ರ, ರಜೆಮನೆಗೆ ಇಲ್ಲ ಅನ್ನುವ ನಿಯಮಕ್ಕೆ ಶೇಕಡಾ 80ಕ್ಕೂ ಹೆಚ್ಚು ಜನ ಹೂಂ ಅಂದರು. ಆ ಓಟಿನಲ್ಲಿ ನನಗೆ ಕೇಳಿಸುವುದು ಹಳೆಯ ಕೂಗೇ: ನಮ್ಮ ಮಕ್ಕಳು ಇಲ್ಲೇ ಇರುವಂತಾಗಲಿ. ಒಂದೂವರೆ ಶತಮಾನದ ಹಿಂದೆ ಅವರನ್ನು ಕೆಲಸವಿಲ್ಲದ್ದು ಓಡಿಸಿತ್ತು. ಈಗ ಓಡಿಸುತ್ತಿರುವುದು ಮನೆಯ ಬೆಲೆ. ಹುಡುಗರು ಇವತ್ತೂ ಟೇಮರ್ ದಾಟಿ ಹೋಗುತ್ತಲೇ ಇದ್ದಾರೆ. ಅವರ ಜಾಗಕ್ಕೆ ನಿವೃತ್ತರು ಬರುವುದರಿಂದ ಅಂಕಿ ಏರುತ್ತಲೇ ಇದೆ. ಆಗ ಇಳಿಯುವ ಅಂಕಿ ಸುಳ್ಳು ಹೇಳಿತ್ತು, ಈಗ ಏರುವ ಅಂಕಿ ಹೇಳುತ್ತಿದೆ.

ಇನ್ನು ಕೆಜಿಎಫ್. ಇಲ್ಲೂ ಗಣಿ ಮುಚ್ಚಿದ ಮೇಲೆ ಊರು ಖಾಲಿಯಾಗಲಿಲ್ಲ. 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ. ಆದರೆ ಕಾರಣ ತದ್ವಿರುದ್ಧ. ಇಲ್ಲಿಗೆ ಹೊರಗಿನವರು ಬಂದು ತುಂಬಲಿಲ್ಲ, ಇದ್ದವರಿಗೇ ಹೋಗಲು ಜಾಗ ಇರಲಿಲ್ಲ. ತಾತ ಬಿಟ್ಟು ಬಂದ ಹಳ್ಳಿಯಲ್ಲಿ ಮೊಮ್ಮಗನಿಗೆ ಏನಿದೆ? ತಮಿಳುನಾಡಿಗೆ ಹೋದರೆ ಕರ್ನಾಟಕದವನು, ಕರ್ನಾಟಕದಲ್ಲಿ ತಮಿಳಿನವನು. ಇವರಿಗೆ ಮೂಂಟಾ ಇಲ್ಲ, ಪಚೂಕಾ ಇಲ್ಲ, ಜೊಹಾನ್ಸ್‌ಬರ್ಗ್ ಇಲ್ಲ. ಇದ್ದದ್ದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲು. ಗಣಿಗೆ ಸಾಮಾನು ತರಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಕಿದ ಹಳಿ ಈಗ ಜನರನ್ನು ಸಾಗಿಸುತ್ತದೆ.

ಆ ರೈಲಿನಲ್ಲಿ ನಾನು ಒಂದೆರಡು ಸಲ ಹೋಗಿದ್ದೇನೆ. ಬೆಳಕು ಹರಿಯುವ ಮೊದಲೇ ಊರಿಗಾಂ, ಚಾಂಪಿಯನ್ ನಿಲ್ದಾಣಗಳಲ್ಲಿ ಡಬ್ಬಿ ಹಿಡಿದ ಜನ. ಬಂಗಾರಪೇಟೆ ಬರುವಷ್ಟರಲ್ಲಿ ನಿಲ್ಲಲೂ ಜಾಗವಿಲ್ಲ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಅಂಗಡಿ, ಈಚೆಗೆ ಕಂಪ್ಯೂಟರ್ ಕಂಪನಿ. ಹೋಗುತ್ತಾ ನೂರು ಕಿಲೋಮೀಟರ್, ಬರುತ್ತಾ ನೂರು. ಜನಗಣತಿಯ ತಲೆ ಎಣಿಕೆ ಇವರನ್ನೆಲ್ಲ ಕೆಜಿಎಫ್‌ನವರು ಅನ್ನುತ್ತದೆ. ಮಲಗುವುದು ಅಲ್ಲೇ ಆದ್ದರಿಂದ ಅದು ಸರಿ. ಎಚ್ಚರ ಇರುವ ಹೊತ್ತಿಗೆಲ್ಲ ಅವರು ಬೇರೆ ಊರಿನವರು. ಬಿಇಎಂಎಲ್ ಇದೆ ಅನ್ನುವುದು ನಿಜ, ಅದು ಎಷ್ಟು ಜನಕ್ಕೆ ಸಾಕು?

ಹೀಗೆ ಒಂದೇ ರೋಗಕ್ಕೆ ಮೂರು ಲಕ್ಷಣ ಕಂಡ ಹಾಗಾಯಿತು. ಕೆಲಸ ಹೋದಾಗ ಜನ ಹೋದರು, ಅದು 1870ರ ಕಾರ್ನ್‌ವಾಲ್. ಕೆಲಸ ಹೋದ ಮೇಲೆ ಬೇರೆ ಜನ ಬಂದರು, ಅದು ಇವತ್ತಿನ ಕಾರ್ನ್‌ವಾಲ್. ಕೆಲಸ ಹೋದರೂ ಜನ ಉಳಿದರು, ಅದು ಕೆಜಿಎಫ್. ಜನಸಂಖ್ಯೆ ಇಳಿದರೆ ಜಿಲ್ಲೆ ಸತ್ತಿತು, ಏರಿದರೆ ಬದುಕಿತು ಅನ್ನುವ ಲೆಕ್ಕ ಎಲ್ಲೂ ಹೊಂದುವುದಿಲ್ಲ. ಕೇಳಬೇಕಾದ ಪ್ರಶ್ನೆ ಎಷ್ಟು ಜನ ಅಂತ ಅಲ್ಲ. ಅಲ್ಲಿ ಹುಟ್ಟಿದ ಮಗು ಬಯಸಿದರೆ ಅಲ್ಲೇ ದುಡಿದು ಅಲ್ಲೇ ಬಾಳಬಹುದೇ ಅಂತ. ಇದಕ್ಕೆ ಕೋಷ್ಟಕದಲ್ಲಿ ಕಲಂ ಇಲ್ಲ.

ಈಗ ಸೌತ್ ಕ್ರಾಫ್ಟಿಯನ್ನು ಮತ್ತೆ ತೆರೆಯುವ ಕೆಲಸ ನಡೆದಿದೆ. 2023ರಲ್ಲಿ ಗಣಿಯ ನೀರು ಎತ್ತಲು ಶುರು ಮಾಡಿದರು. ಮೊಬೈಲು, ಸೋಲಾರು, ಎಲ್ಲದರ ಬೆಸುಗೆಗೂ ತವರ ಬೇಕಲ್ಲ. ಇತ್ತ ನಮ್ಮಲ್ಲೂ ಸೈನೈಡ್ ದಿಬ್ಬಗಳಲ್ಲಿ ಇನ್ನೂ ಚಿನ್ನ ಇದೆ ಅನ್ನುವ ಮಾತು ಆಗಾಗ ಎದ್ದು ಅಡಗುತ್ತದೆ. ಗಣಿಯ ಊರಿನವರು ಆಸೆ ಬಿಡುವುದಿಲ್ಲ.

ಮೊನ್ನೆ ಹಿರಿಯರಿಗೆ ಇದೆಲ್ಲ ಹೇಳಿದೆ. ಅವರ ತಾತನ ಕ್ಯಾಪ್ಟನ್ನಿನ ಊರಿನ ಪಾಳು ಎಂಜಿನ್ ಮನೆಗಳೆಲ್ಲ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ದೇಶವಿದೇಶದಿಂದ ಜನ ನೋಡೋಕೆ ಬರ್ತಾರೆ ಅಂದೆ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಕಡಲ ಬಂಡೆಯ ಅಂಚಿನಲ್ಲಿ ಕಲ್ಲಿನ ಎಂಜಿನ್ ಮನೆ, ಪಕ್ಕದಲ್ಲಿ ಎತ್ತರದ ಚಿಮಣಿ, ಹಿಂದೆ ನೀಲಿ ಸಮುದ್ರ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗಿಟ್ಟಿದಾರೆ," ಅಂದರು. ಆಮೇಲೆ ಕೇಳಿದರು: "ಆ ಗಣಿಯವರ ಮಕ್ಕಳು ಈಗ ಎಲ್ಲಿ ಕೆಲಸ ಮಾಡ್ತಾರಂತೆ?"

"ಬೇರೆ ಬೇರೆ ಊರಲ್ಲಿ," ಅಂದೆ.

"ಸರಿ ಹಾಗಾದ್ರೆ," ಅಂದು ಮೊಬೈಲು ವಾಪಸು ಕೊಟ್ಟರು. "ನಮ್ಮ ಥರಾನೇ."